ಹಗುರ ತೂಕದ ಸವಾರಿಗಳನ್ನು ನಿರಾಕರಿಸಿದ ಜಾಕಿ: ಒಂದು ಪ್ರಕರಣ ಅಧ್ಯಯನ

ಶಿರಸಿ ತಾಲ್ಲೂಕಿನ ಕೂಲಿ ಕುಟುಂಬವೊಂದರಲ್ಲಿ ಹುಟ್ಟಿ, ಬೆಂಗಳೂರು ಮತ್ತು ಮೈಸೂರಿನ ರೇಸ್‌ಕೋರ್ಸ್‌ಗಳಲ್ಲಿ ಸುಮಾರು ಎರಡು ದಶಕ ಥರೋಬ್ರೆಡ್ ಎಂಬ ರೇಸ್ ತಳಿಯ ಕುದುರೆಗಳನ್ನು ಓಡಿಸಿ, ಹೆಸರನ್ನೂ ತಕ್ಕಮಟ್ಟಿಗೆ ಹಣವನ್ನೂ ಗಳಿಸಿ ನಿವೃತ್ತರಾದ ಜಾಕಿಯೊಬ್ಬರ ವೃತ್ತಿಜೀವನವನ್ನು ಇಲ್ಲಿ ಪರಿಶೀಲಿಸಲಾಗಿದೆ. ಅವರ ಒಪ್ಪಿಗೆಯಿಂದಲೇ ಬರೆದದ್ದಾದರೂ ಗುರುತು ಸಿಗಬಾರದೆಂಬ ಕಾರಣಕ್ಕೆ ಹಳ್ಳಿ, ಕುದುರೆಗಳು, ಮಾಲೀಕರು, ತರಬೇತುದಾರರು ಯಾರನ್ನೂ ಹೆಸರಿಸಿಲ್ಲ. ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವರನ್ನು 'ಸವಾರರು' ಎಂದಷ್ಟೇ ಕರೆಯುತ್ತೇನೆ. ಗೆದ್ದ ಓಟಗಳಿಗಿಂತ ಅವರು ಇಳಿಯಲು ಒಪ್ಪದ ಓಟಗಳೇ ಅವರ ವೃತ್ತಿಯನ್ನು ಉಳಿಸಿದವು ಎಂಬುದು ನನ್ನ ಅಭಿಪ್ರಾಯವಾದ್ದರಿಂದ, ಬರಹದ ಹೆಚ್ಚಿನ ಭಾಗ ಆ ಒಂದು ನಿರ್ಧಾರದ ಸುತ್ತಲೇ ಇದೆ.

ಹಿನ್ನೆಲೆ

ಉತ್ತರ ಕನ್ನಡದ ಕರಾವಳಿಗೆ ಕುದುರೆ ಹೊಸದಲ್ಲ. ವಿಜಯನಗರದ ಕಾಲದಲ್ಲಿ ಅರಬ್ ನಾಡಿನಿಂದ ಹಡಗಿನಲ್ಲಿ ಬಂದ ಕುದುರೆಗಳು ಭಟ್ಕಳ, ಹೊನ್ನಾವರದಂಥ ಬಂದರುಗಳಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವು. ಇಂದಿನ ಥರೋಬ್ರೆಡ್ ತಳಿಯ ಗಂಡು ವಂಶಾವಳಿಯೂ ಪೂರ್ವದ ನಾಡುಗಳಿಂದ ಇಂಗ್ಲೆಂಡಿಗೆ ಹೋದ ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್ ಎಂಬ ಮೂರು ಕುದುರೆಗಳಿಗೇ ಹೋಗಿ ಮುಟ್ಟುತ್ತದೆ. ಆದರೆ ಆ ವ್ಯಾಪಾರ ಮುಗಿದು ಶತಮಾನಗಳೇ ಕಳೆದಿವೆ. ಸವಾರರು ಹದಿನೈದು ದಾಟುವವರೆಗೆ ಕುದುರೆಯೊಂದನ್ನು ಕೈಯಿಂದ ಮುಟ್ಟಿದವರಲ್ಲ.

ಅವರ ತಂದೆ ಕೊನೆಗೌಡ. ಅಡಿಕೆ ಮರ ಹತ್ತಿ ಕೊನೆ ಕೊಯ್ಯುವುದು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಅವರ ಕಸುಬು. ನುರಿತ ಕೊನೆಗೌಡ ಪ್ರತಿ ಮರಕ್ಕೂ ಇಳಿದು ಹತ್ತುವುದಿಲ್ಲ. ಮರವನ್ನು ಬಳುಕಿಸಿ ಪಕ್ಕದ ಮರವನ್ನು ಹಿಡಿದು ದಾಟಿಕೊಳ್ಳುತ್ತಾನೆ. ಮಗನೂ ಶಾಲೆಯ ರಜೆಯಲ್ಲಿ ಈ ಕೆಲಸ ಕಲಿತಿದ್ದ. ಮುಂದೆ ಅವರು ಹೆಸರು ಮಾಡಿದಾಗ, ತೊಡೆಯ ಬಿಗಿತ, ಮೈಯ ತೂಕವನ್ನು ಗಳಿಗೆಯಲ್ಲಿ ಬದಲಿಸುವ ಚಾಕಚಕ್ಯತೆ ಎಲ್ಲವೂ ಅಡಿಕೆ ಮರದಿಂದಲೇ ಬಂದವು ಎಂದು ಊರಿನವರು ಹೇಳತೊಡಗಿದರು. ಅದರಲ್ಲಿ ಸ್ವಲ್ಪ ಸತ್ಯವಿರಬಹುದು. ಆದರೆ ಮರ ಹತ್ತುವ ಹುಡುಗರು ಆ ಊರಿನಲ್ಲಿ ಬೇಕಾದಷ್ಟಿದ್ದರು; ಅವರಲ್ಲಿ ಒಬ್ಬನೇ ರೇಸ್‌ಕೋರ್ಸ್ ಸೇರಿದ್ದಕ್ಕೆ ಕಾರಣ, ಅವನ ಸೋದರಮಾವ ಬೆಂಗಳೂರಿನ ಕುದುರೆ ಲಾಯದಲ್ಲಿ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವ ಆಳು, ಆಗಿದ್ದುದು. ಎಸ್ಸೆಸ್ಸೆಲ್ಸಿ ಮುಗಿದ ವರ್ಷ ಊರಿಗೆ ಬಂದ ಮಾವ, ನಲವತ್ತು ಕೆ.ಜಿ. ಕೂಡ ತೂಗದ ಅಳಿಯನನ್ನು ನೋಡಿ ಜಾಕಿ ತರಬೇತಿ ಶಾಲೆಯ ವಿಷಯ ಎತ್ತಿದರು. ತಂದೆಗೆ ಮನಸ್ಸಿರಲಿಲ್ಲ. 'ಮರದಿಂದ ಬಿದ್ರೆ ಎತ್ತುಕೆ ನಾವಾದ್ರೂ ಇದೀವಿ, ಅಲ್ಲಿ ಬಿದ್ರೆ ಎತ್ತೋರು ಯಾರು ತಮಾ?' ಎಂದು ಅವರು ಕೇಳಿದ್ದನ್ನು ಸವಾರರು ಈಗಲೂ ನೆನೆಯುತ್ತಾರೆ. ಕೊನೆಗೆ ಒಪ್ಪಿಸಿದ್ದು ಮನೆಯ ಸಾಲ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ಮೊದಲ ತಿರುವಿನಲ್ಲಿ ಹುಡುಗನ ನಿರ್ಧಾರ ಎನ್ನುವಂಥದ್ದು ಏನೂ ಇರಲಿಲ್ಲ. ಆಯ್ಕೆಯ ದಿನ ಅವನ ತೂಕ, ಎತ್ತರ, ಪಾದದ ಅಳತೆಗಳನ್ನು ನೋಡಿದರು, ತಂದೆ ತಾಯಿಯ ಎತ್ತರ ಕೇಳಿದರು. ಹದಿನಾರರ ದೇಹ ಇಪ್ಪತ್ತೈದಕ್ಕೆ ಎಷ್ಟು ಬೆಳೆಯಬಹುದೆಂದು ಅಂದಾಜು ಮಾಡುವ ಸರಿಯಾದ ಕ್ರಮವೇ ಅದು. ಆದರೆ ಆ ಅಂದಾಜು ತಪ್ಪಿದರೆ ಏನು ಮಾಡಬೇಕೆಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ.

ರಿಯಾಯಿತಿಯ ಕಾಲ ಮತ್ತು ಅದರ ನಂತರ

ಅಪ್ರೆಂಟಿಸ್, ಅಂದರೆ ಇನ್ನೂ ಕಲಿಯುತ್ತಿರುವ, ಜಾಕಿಯ ಮೊದಲ ವರ್ಷಗಳು ಹೊರಗಿನವರು ಊಹಿಸುವಷ್ಟು ರೋಚಕವಲ್ಲ. ಬೆಳಕು ಹರಿಯುವ ಮೊದಲೇ ಲಾಯ, ಸಗಣಿ ಬಾಚುವುದು, ಮೈ ಉಜ್ಜುವುದು, ಜೀನು ಕಟ್ಟುವುದು, ಆಮೇಲೆ ಟ್ರ್ಯಾಕ್ ಮೇಲೆ ಕುದುರೆಗಳ ಬೆಳಗಿನ ವ್ಯಾಯಾಮ. ಲಾಯದ ಮಾತು ಹಿಂದಿ, ಉರ್ದು, ಕನ್ನಡಗಳ ಬೆರಕೆಯಾದ್ದರಿಂದ ಹುಡುಗ ಆರಂಭದಲ್ಲಿ ಕೇಳಿಸಿಕೊಂಡದ್ದೇ ಹೆಚ್ಚು, ಆಡಿದ್ದು ಕಡಿಮೆ. ಓಟಕ್ಕೆ ಇಳಿಯಲು ಪರವಾನಗಿ ಸಿಕ್ಕ ಮೇಲೆ ಗೆಲುವುಗಳು ಬೇಗ ಬಂದವು.

ಬೇಗ ಬರಲು ಒಂದು ಕಾರಣವಿತ್ತು. ರೇಸುಗಳಲ್ಲಿ ಬಹುಪಾಲು ಹ್ಯಾಂಡಿಕ್ಯಾಪ್ ಓಟಗಳು. ಹಿಂದಿನ ಸಾಧನೆ ನೋಡಿ ಪ್ರತಿ ಕುದುರೆಗೂ ಅಂಕ ಕೊಡುತ್ತಾರೆ. ಹೆಚ್ಚು ಅಂಕದ ಒಳ್ಳೆಯ ಕುದುರೆ ಹೆಚ್ಚು ಭಾರ ಹೊರಬೇಕು, ಕಡಿಮೆ ಅಂಕದ್ದು ಕಡಿಮೆ ಭಾರ. ಸಾಮಾನ್ಯವಾಗಿ ಈ ಭಾರ 50ರಿಂದ 60 ಕೆ.ಜಿ.ಯ ಆಸುಪಾಸಿನಲ್ಲಿರುತ್ತದೆ, ಮತ್ತು ಅದರಲ್ಲಿ ಜಾಕಿಯ ಮೈತೂಕದ ಜೊತೆ ಜೀನಿನ ತೂಕವೂ ಸೇರುತ್ತದೆ. ಓಟಕ್ಕೆ ಮೊದಲೂ ಜಾಕಿಯನ್ನು ತೂಗುತ್ತಾರೆ, ಮುಗಿದ ಮೇಲೂ ತೂಗುತ್ತಾರೆ. ಅಪ್ರೆಂಟಿಸ್ ಸವಾರನಿದ್ದರೆ ನಿಗದಿತ ಭಾರದಲ್ಲಿ ಕೆಲವು ಕೆ.ಜಿ. ರಿಯಾಯಿತಿ ಸಿಗುತ್ತದೆ, ಗೆಲುವು ಹೆಚ್ಚಿದಂತೆ ಅದು ಹಂತ ಹಂತವಾಗಿ ಇಳಿದು ಕೊನೆಗೆ ಇಲ್ಲವಾಗುತ್ತದೆ. ಹಾಗಾಗಿ ತರಬೇತುದಾರನೊಬ್ಬ ಎಳೆಯ ಜಾಕಿಯನ್ನು ಕುದುರೆ ಹತ್ತಿಸುವಾಗ ಅವನು ಕೊಳ್ಳುತ್ತಿರುವುದು ಹುಡುಗನ ಕೌಶಲವನ್ನೋ ಆ ರಿಯಾಯಿತಿಯನ್ನೋ ಎಂಬುದು ಹುಡುಗನಿಗೆ ತಿಳಿಯುವ ದಾರಿಯೇ ಇರುವುದಿಲ್ಲ.

ಸವಾರರಿಗೆ ಅದು ತಿಳಿದದ್ದು ರಿಯಾಯಿತಿ ಪೂರ್ತಿ ಮುಗಿದ ರೇಸ್ ಋತುವಿನಲ್ಲಿ. ದಿನಕ್ಕೆ ನಾಲ್ಕೈದು ಸವಾರಿ ಸಿಗುತ್ತಿದ್ದವರಿಗೆ ವಾರಕ್ಕೊಂದು ಸಿಗುವುದೂ ಕಷ್ಟವಾಯಿತು. ಜಾಕಿಗೆ ಸಂಬಳವೆನ್ನುವುದಿಲ್ಲ, ಸವಾರಿಗೊಂದು ಶುಲ್ಕ, ಗೆದ್ದರೆ ಬಹುಮಾನದಲ್ಲಿ ಪಾಲು, ಅಷ್ಟೇ. ತರಬೇತುದಾರರ ಮನೆ ಬಾಗಿಲಿಗೆ ಹೋಗಿ ನಿಂತದ್ದರಿಂದಾಗಲಿ, ಮೈಸೂರಿನ ಋತುವಿಗೆ ಹೋಗಿ ಯಾರೂ ಹತ್ತದ ಕುದುರೆಗಳನ್ನು ಹತ್ತಿದ್ದರಿಂದಾಗಲಿ ಹೇಳಿಕೊಳ್ಳುವಂಥದ್ದು ಆಗಲಿಲ್ಲ.

ಫಲ ಕೊಟ್ಟದ್ದು ಯಾರೂ ಗೆಲುವೆಂದು ಎಣಿಸದ ಒಂದು ಕೆಲಸ. ದುಡ್ಡು ಬಾರದ ಬೆಳಗಿನ ವ್ಯಾಯಾಮಗಳಿಗೆ ಅವರು ತಪ್ಪದೆ ಹೋಗುತ್ತಿದ್ದರು, ಮತ್ತು ಇಳಿದ ತಕ್ಷಣ ಆ ಕುದುರೆಯ ಬಗ್ಗೆ ಕಂಡದ್ದನ್ನು ತರಬೇತುದಾರರಿಗೆ ಚುಟುಕಾಗಿ ಹೇಳುತ್ತಿದ್ದರು. ಒಳ್ಳೆಯ ಸುದ್ದಿ ಕೇಳಲು ಆಸೆಪಡುವ ಮಾಲೀಕರ ಮುಂದೆ 'ಚೆನ್ನಾಗಿದೆ ಸಾರ್' ಎಂದುಬಿಡುವುದು ಆ ವಲಯದ ವಾಡಿಕೆ. ಸವಾರರು ಹಾಗೆ ಹೇಳುತ್ತಿರಲಿಲ್ಲ. ತಿರುವಿನಲ್ಲಿ ಹೊರಕ್ಕೆ ಜಾರುತ್ತದೆ, ಮುಂದಿನ ಎಡಗಾಲನ್ನು ಪೂರ್ತಿ ಊರುತ್ತಿಲ್ಲ, ಗುಂಪಿನ ನಡುವೆ ಸಿಕ್ಕಿಕೊಂಡರೆ ತಲೆ ಎತ್ತುತ್ತದೆ, ಆರಂಭದ ಗೇಟಿನೊಳಗೆ ನಿಂತಾಗ ಬೆವರುತ್ತದೆ ಎಂಬಂಥ ಮಾತುಗಳು. ಅವರು ಹೇಳಿದ ಕೆಲವೇ ದಿನಗಳಲ್ಲಿ ಒಂದು ಕುದುರೆಯ ಕಾಲು ನೋವು ಹೊರಗೆ ಕಾಣಿಸಿಕೊಂಡಿತು. ಅದಾದ ಮೇಲೆ ಇಬ್ಬರು ತರಬೇತುದಾರರು ತಮ್ಮ ಕುದುರೆಗಳ ಬೆಳಗಿನ ಕೆಲಸಕ್ಕೆ ಅವರನ್ನೇ ಕೇಳತೊಡಗಿದರು. ಬೆಳಗಿನ ಕೆಲಸದ ಹಿಂದೆ ಸವಾರಿಗಳು ಬಂದವು. ಈ ಇಬ್ಬರ ವಿಶ್ವಾಸಕ್ಕೆ ಎಷ್ಟು ಬೆಲೆಯಿತ್ತೆಂಬುದು ಮುಂದೆ ತೂಕದ ಪ್ರಶ್ನೆ ಎದುರಾದಾಗ ಗೊತ್ತಾಯಿತು.

ತೂಕ

ಇಪ್ಪತ್ತನಾಲ್ಕು ದಾಟುವ ಹೊತ್ತಿಗೆ ಸವಾರರ ಸಹಜ ತೂಕ ಏರುತ್ತ ಹೋಗಿ 57 ಕೆ.ಜಿ. ಮುಟ್ಟಿತ್ತು. ಆದರೆ ಅವರಿಗೆ ಸಿಗುತ್ತಿದ್ದ ಸವಾರಿಗಳಲ್ಲಿ ಬಹಳಷ್ಟು 51, 52 ಕೆ.ಜಿ.ಯವು. ಜೀನು ಮತ್ತಿತರ ಸಾಮಗ್ರಿ ಕಳೆದರೆ ಮೈತೂಕ 50ಕ್ಕೂ ಕಡಿಮೆ ಇರಬೇಕು. ಈ ಅಂತರವನ್ನು ತುಂಬಲು ಅವರು ಮಾಡಿದ್ದೆಲ್ಲ ಜಗತ್ತಿನ ಎಲ್ಲ ರೇಸ್‌ಕೋರ್ಸ್‌ಗಳಲ್ಲೂ ಜಾಕಿಗಳು ಮಾಡುತ್ತ ಬಂದದ್ದೇ: ಪ್ಲಾಸ್ಟಿಕ್ ಅಂಗಿಯ ಮೇಲೆ ಸ್ವೆಟರ್ ಹಾಕಿ ಓಡುವುದು, ಆವಿಯ ಕೋಣೆಯಲ್ಲಿ ಕೂತು ಬೆವರುವುದು, ಓಟದ ಹಿಂದಿನ ದಿನ ಊಟವನ್ನೂ ಓಟದ ದಿನ ನೀರನ್ನೂ ಬಿಡುವುದು, ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವುದು. ಓಟ ಮುಗಿದ ಸಂಜೆ ಹಸಿವು ತಡೆಯಲಾರದೆ ಉಂಡು, ಎರಡು ದಿನಕ್ಕೆ ಮತ್ತೆ 56 ಮುಟ್ಟಿ, ಮತ್ತೆ ಇಳಿಸುವುದು. ಇದು ಮೂರು ವರ್ಷ ನಡೆಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ 13 ಬಾರಿ ಬ್ರಿಟನ್ನಿನ ಚಾಂಪಿಯನ್ ಜಾಕಿ ಆಗಿದ್ದ ಫ್ರೆಡ್ ಆರ್ಚರ್ ಇದೇ ಬಗೆಯ ಉಪವಾಸದಿಂದಲೂ ಜ್ವರದಿಂದಲೂ ಬಸವಳಿದು 1886ರಲ್ಲಿ, 29ನೆಯ ವಯಸ್ಸಿನಲ್ಲಿ ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡ. ಜಾಕಿಗಳ ಮೂಳೆಯ ಸಾಂದ್ರತೆ ಕಡಿಮೆ ಇರುವುದನ್ನು ಐರ್ಲೆಂಡ್, ಬ್ರಿಟನ್‌ಗಳ ವೈದ್ಯರು ದಾಖಲಿಸಿದ್ದಾರೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬೀಳುವ ಸಾಧ್ಯತೆ ಪ್ರತಿದಿನವೂ ಇರುವ ಕಸುಬಿನಲ್ಲಿ ಇದು ಸಣ್ಣ ವಿಷಯವಲ್ಲ. ಇಷ್ಟು ಹಳೆಯದಾದ ಅಪಾಯವನ್ನು ಹೊಸಬರು ಇಂದಿಗೂ ಹಿರಿಯ ಜಾಕಿಗಳ ಬಾಯಿಂದ ಸಾಹಸದ ಕಥೆಯಾಗಿ ಕೇಳುತ್ತಾರೆ ಎನ್ನುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಸವಾರರನ್ನು ತಡೆದು ನಿಲ್ಲಿಸಿದ್ದು ಕಾಯಿಲೆಯೂ ಅಲ್ಲ, ಬೀಳುವಿಕೆಯೂ ಅಲ್ಲ, ಒಂದು ವಿಚಾರಣೆ. ಬೆಂಗಳೂರಿನ ಬೇಸಿಗೆ ಋತುವಿನ ಓಟವೊಂದರ ಕೊನೆಯ ತಿರುವಿನಲ್ಲಿ ಅವರ ಕುದುರೆ ಒಳಕ್ಕೆ ಸರಿದು ಮತ್ತೊಂದು ಕುದುರೆಗೆ ಅಡ್ಡವಾಯಿತು. ಆ ಕುದುರೆ ಮುಗ್ಗರಿಸಿತು, ಜಾಕಿ ಹೇಗೋ ಬೀಳದೆ ಉಳಿದ. ಓಟದ ಶಿಸ್ತು ನೋಡಿಕೊಳ್ಳುವ ಅಧಿಕಾರಿಗಳಾದ ಸ್ಟೀವರ್ಡ್‌ಗಳು ಓಟದ ದೃಶ್ಯವನ್ನು ಹಲವು ಕೋನಗಳಿಂದ ತೋರಿಸಿದರು. ಕುದುರೆ ಸರಿಯತೊಡಗಿದ ಕ್ಷಣವೂ ತಾನು ಲಗಾಮು ಎಳೆದ ಕ್ಷಣವೂ ಬೇರೆ ಬೇರೆಯಾಗಿ ಕಾಣುತ್ತಿದ್ದವು, ನಡುವಿನ ತಡವನ್ನು ತಾನೇ ನಂಬಲಾಗಲಿಲ್ಲ ಎನ್ನುತ್ತಾರೆ ಸವಾರರು. ಹಿಂದಿನ ಮಧ್ಯಾಹ್ನದಿಂದ ಅವರು ಒಂದು ಲೋಟ ನೀರನ್ನೂ ಪೂರ್ತಿ ಕುಡಿದಿರಲಿಲ್ಲ. ದೇಹದ ನೀರಿನಂಶ ಮೈತೂಕದ ನೂರಕ್ಕೆ ಎರಡು ಮೂರು ಪಾಲಿನಷ್ಟು ಇಳಿದರೂ ಗಮನ, ನಿರ್ಣಯಶಕ್ತಿಗಳು ಮಂದವಾಗುತ್ತವೆ. ಅವರದು ಅದಕ್ಕಿಂತ ಎಷ್ಟೋ ಹೆಚ್ಚು ಇಳಿದಿತ್ತು. ಅಜಾಗರೂಕ ಸವಾರಿಗಾಗಿ ಅವರನ್ನು ಕೆಲವು ವಾರ ಅಮಾನತು ಮಾಡಿದರು.

ಅಮಾನತಿನ ವಾರಗಳನ್ನು ಅವರು ಊರಿನಲ್ಲಿ ಕಳೆದರು. ಮಳೆಗಾಲ, ತಂದೆಯ ಜೊತೆ ಮದ್ದು ಹೊಡೆಯುವ ಕೆಲಸಕ್ಕೆ ಹೋದರು, ತಾಯಿ ಬಡಿಸಿದ ಗಂಜಿ, ಮೀನುಸಾರುಗಳನ್ನು ಹೊತ್ತು ಹೊತ್ತಿಗೆ ಉಂಡರು, ಬಾಯಾರಿದಾಗ ನೀರು ಕುಡಿದರು. ಅಡಿಕೆ ಚೀಲ ತೂಗುವ ಯಂತ್ರದ ಮೇಲೆ ದಿನಾ ಬೆಳಗ್ಗೆ ನಿಂತು ನೋಡುವ ಚಾಳಿಯನ್ನು ಮಾತ್ರ ಬಿಡಲಿಲ್ಲ. ತೂಕ 60ರತ್ತ ಓಡುತ್ತದೆಂದು ಅವರು ಹೆದರಿದ್ದರು. ಮೊದಲು 57ರಲ್ಲಿ ನಿಂತದ್ದು ನಿಧಾನಕ್ಕೆ ಇಳಿದು 54ರಲ್ಲಿ ನೆಲೆಗೊಂಡಿತು. ಉಪವಾಸ ಮತ್ತು ಅತಿಯೂಟಗಳ ನಡುವೆ ಮೂರು ವರ್ಷ ಅಳ್ಳಾಡಿದ ದೇಹಕ್ಕೆ ತನ್ನದೇ ಒಂದು ತೂಕವಿದೆ ಎಂಬುದು ಅವರಿಗೆ ಆಗ ಕಂಡಿತು. ಹಿಂದಿರುಗುವ ದಾರಿಯಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯರೊಬ್ಬರನ್ನು ಕಂಡು ರಕ್ತ, ಮೂತ್ರಗಳ ಪರೀಕ್ಷೆ ಮಾಡಿಸಿದರು. ಮೂತ್ರಪಿಂಡಕ್ಕೆ ಶಾಶ್ವತ ಹಾನಿಯಾಗಿಲ್ಲ, ಆದರೆ ಮಾತ್ರೆ ಮುಂದುವರಿಸಿದರೆ ಆಗುತ್ತದೆ ಎಂದು ವೈದ್ಯರು ಹೇಳಿದರು.

ಬೆಂಗಳೂರಿಗೆ ಮರಳಿದವರು ತಾವು ಸವಾರಿ ಮಾಡುತ್ತಿದ್ದ ಎಲ್ಲ ತರಬೇತುದಾರರಿಗೂ ಒಂದೇ ಮಾತು ಹೇಳಿದರು: 55.5 ಕೆ.ಜಿ.ಗಿಂತ ಕಡಿಮೆ ಭಾರದ ಕುದುರೆಗೆ ತಮ್ಮನ್ನು ಹಾಕಬಾರದು. ಹತ್ತು ವರ್ಷಗಳಲ್ಲಿ ಅವರು ತಾವಾಗಿಯೇ ತೆಗೆದುಕೊಂಡ ಮೊದಲ ದೊಡ್ಡ ನಿರ್ಧಾರ ಇದು ಎಂದು ನಾನು ಎಣಿಸುತ್ತೇನೆ.

ಆಮೇಲಿನ ಎರಡು ಋತುಗಳು

ಮೊದಲ ಪರಿಣಾಮ ಕೆಟ್ಟದಾಗಿತ್ತು. ಸವಾರಿಗಳು ಅರ್ಧಕ್ಕಿಂತ ಕೆಳಗಿಳಿದವು. ತಂಗಿಯ ಮದುವೆಯ ಸಾಲ ಇನ್ನೂ ತೀರಿರಲಿಲ್ಲ. ಒಬ್ಬ ತರಬೇತುದಾರರು ಎಲ್ಲರೆದುರೇ 'ತೂಕ ಇಳಿಸಲಾಗದಿದ್ದರೆ ಊರಿಗೆ ಹೋಗಿ ಅಡಿಕೆ ಕೊಯ್ಯಿ' ಎಂದರು. ಮಾವ ಕೂಡ, ಇನ್ನೊಂದೆರಡು ವರ್ಷ ಹೇಗಾದರೂ ತಳ್ಳಬಾರದೇ ಎಂದು ಬೇಸರಪಟ್ಟರು.

ಆದರೆ ಈ ಲೆಕ್ಕದಲ್ಲಿ ಒಂದು ಸೂಕ್ಷ್ಮವಿತ್ತು, ಸವಾರರು ಅದನ್ನು ಊರಿನ ಮಳೆಯಲ್ಲಿ ಕೂತು ಯೋಚಿಸಿಯೇ ಬಂದಿದ್ದರು. ಹ್ಯಾಂಡಿಕ್ಯಾಪ್ ಓಟದಲ್ಲಿ ಹಗುರ ಭಾರ ಹೊರುವುದು ಕಡಿಮೆ ಅಂಕದ ಕುದುರೆ. ಅಂದರೆ ಅವರು ಪ್ರಾಣ ಒತ್ತೆಯಿಟ್ಟು ತೂಕ ಇಳಿಸಿ ಹತ್ತುತ್ತಿದ್ದುದು ಹೆಚ್ಚಾಗಿ ಆ ಓಟದ ದುರ್ಬಲ ಕುದುರೆಗಳನ್ನೇ. ಪಟ್ಟಿಯ ಮೇಲ್ಭಾಗದ ಕುದುರೆಗಳು ಹೊರುವುದು 56ರಿಂದ 60. ಡರ್ಬಿಯಂಥ ದೊಡ್ಡ ಓಟಗಳಲ್ಲಿ ಹ್ಯಾಂಡಿಕ್ಯಾಪ್ ಇರುವುದಿಲ್ಲ. ಅಲ್ಲಿ ಗಂಡು ಕುದುರೆಗಳೆಲ್ಲ ಸಮನಾಗಿ 57 ಕೆ.ಜಿ.ಯ ಆಸುಪಾಸಿನ ಭಾರ ಹೊರುತ್ತವೆ. 54 ಕೆ.ಜಿ.ಯ ಆರೋಗ್ಯವಂತ ಜಾಕಿಗೆ ಬಾಗಿಲು ಮುಚ್ಚಿದ್ದು ಕೆಳಗಿನ ಅರ್ಧಕ್ಕೆ ಮಾತ್ರ. ಮೇಲಿನ ಅರ್ಧಕ್ಕೆ ಹಿರಿಯ ಜಾಕಿಗಳೂ ಆಸೆಪಡುತ್ತಾರೆ ಎಂಬುದೇ ಅಲ್ಲಿನ ತೊಡಕು. ತೂಕ ಹೊಂದಿದ ಮಾತ್ರಕ್ಕೆ ಒಳ್ಳೆಯ ಕುದುರೆ ಸಿಗುವುದಿಲ್ಲ.

ಇಲ್ಲಿ ಬೆಳಗಿನ ಕೆಲಸ ಕೈಹಿಡಿಯಿತು. ಆ ಇಬ್ಬರು ತರಬೇತುದಾರರು ಬಿಡಲಿಲ್ಲ. ಅವರ ಲಾಯದ ಹೆಚ್ಚು ಭಾರದ ಕುದುರೆಗಳು ಒಂದೊಂದಾಗಿ ಸವಾರರ ಪಾಲಿಗೆ ಬಂದವು. ಹೊಟ್ಟೆಗೆ ಉಂಡು ನೀರು ಕುಡಿದು ಬಂದ ಜಾಕಿಯ ಕೈಯಲ್ಲಿ ಕೊನೆಯ 200 ಮೀಟರಿನಲ್ಲಿ ಇನ್ನೂ ಬಲವಿರುತ್ತದೆ. ಕುದುರೆಯ ಹೆಜ್ಜೆಯ ಲಯಕ್ಕೆ ಮೈ ಕೂಡಿಸಿ ದೂಡುವ ಆ ಕೆಲಸದಲ್ಲಿ ಅವರ ಬದಲಾವಣೆ ಉಳಿದವರಿಗೂ ಕಂಡಿತು. ಎರಡನೆಯ ಋತುವಿನಲ್ಲಿ, ಹಿರಿಯ ಜಾಕಿಯೊಬ್ಬರು ಗಾಯಗೊಂಡು ಹೊರಗುಳಿದಾಗ, ದೊಡ್ಡ ಓಟವೊಂದರಲ್ಲಿ ಗೆಲ್ಲುವ ನಿರೀಕ್ಷೆಯಿದ್ದ ಕುದುರೆ ಇವರಿಗೆ ಸಿಕ್ಕಿತು. ಗೆದ್ದರು. ಅದು ಅದೃಷ್ಟವೇ ಎಂದು ಅವರೇ ಒಪ್ಪುತ್ತಾರೆ. ಆ ಗಾಯ ಆಗದಿದ್ದರೆ ಇದೇ ನಿರ್ಧಾರ ಅವರನ್ನು ಸದ್ದಿಲ್ಲದೆ ವೃತ್ತಿಯಿಂದ ಹೊರಗೆ ಕಳಿಸಿರಲೂ ಬಹುದಿತ್ತು. ಆದ್ದರಿಂದ ಈ ಪ್ರಕರಣವನ್ನು 'ಹಗುರ ಸವಾರಿ ಬಿಟ್ಟರೆ ಯಶಸ್ಸು ಖಚಿತ' ಎಂದು ಓದಬಾರದು. 52 ಕೆ.ಜಿ. ಮುಂದುವರಿಸಿದ್ದರೆ ಅವರು ಮೂವತ್ತು ದಾಟುವವರೆಗೆ ಓಡಿಸುತ್ತಿರಲಿಲ್ಲ ಎಂಬುದು ಮಾತ್ರ ನನಗೆ ನಿಸ್ಸಂದೇಹವಾಗಿ ಕಾಣುತ್ತದೆ. ಅವರು ಓಡಿಸಿದ್ದು ಮೂವತ್ತೆಂಟರವರೆಗೆ.

ಊರಿನ ಫೋನು

ಹೆಸರು ಬಂದ ಮೇಲೆ ಎದುರಾದ ಮತ್ತೊಂದು ಸಮಸ್ಯೆ ರೇಸ್‌ಕೋರ್ಸಿನದಲ್ಲ, ಊರಿನದು. ಶನಿವಾರ, ಭಾನುವಾರ ಬೆಳಗಾದರೆ ಶಿರಸಿಯಿಂದ, ಕಾರವಾರದಿಂದ, ಎಂದೂ ಕಾಣದ ನೆಂಟರಿಂದ ಕರೆ: 'ತಮಾ, ಇವತ್ತು ಯಾವ್ದು ಬತ್ತದೆ?' ಜಾಕಿ ಬಾಜಿ ಕಟ್ಟುವಂತಿಲ್ಲ, ಒಳಗಿನ ಮಾಹಿತಿಯನ್ನು ಬಾಜಿಗಾರರಿಗೆ ಕೊಡುವಂತಿಲ್ಲ. ಕೊಟ್ಟದ್ದು ತಿಳಿದರೆ ಪರವಾನಗಿಯೇ ಹೋಗುತ್ತದೆ. ಹೇಳದಿದ್ದರೆ ಗರ್ವ, ಸುಮ್ಮನೆ ಏನೋ ಒಂದು ಹೇಳಿ ಅದು ಸೋತರೆ ಮೋಸ. ಕೆಲ ಕಾಲ ನಗೆಮಾತಿನಿಂದ ತೇಲಿಸಿ ನೋಡಿ ಸೋತ ಅವರು, ಕೊನೆಗೆ ಫೋನ್ ನಂಬರ್ ಬದಲಿಸಿ ತಾಯಿ ಮತ್ತು ತಂಗಿಗೆ ಮಾತ್ರ ಕೊಟ್ಟರು. ಮನೆಯ ಕಷ್ಟಸುಖದ ಮಾತೂ ಸೋಮವಾರಕ್ಕೆ ಎಂದು ನಿಯಮ ಮಾಡಿಕೊಂಡರು. ಸಂಬಂಧಗಳು ಕೆಲವು ಮುರಿದವು.

ಅವರ ಮದುವೆಗೂ ಬಾಜಿಯ ಈ ನಂಟೇ ಅಡ್ಡಿಯಾಗಿತ್ತು. 1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ಓಟವನ್ನು ಕೌಶಲದ ಆಟವೆಂದು ತೀರ್ಪಿತ್ತಿದ್ದರೂ, ಹೆಣ್ಣು ಕೊಡುವ ಮನೆಯವರಿಗೆ ಅದು ಜೂಜೇ. ಎರಡು ಕಡೆ ಮಾತು ಮುರಿದುಬಿತ್ತು.

ನಿವೃತ್ತಿ

2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣ ರೇಸುಗಳು ನಿಂತಾಗ, ಸವಾರಿಯಿಲ್ಲದೆ ಆದಾಯವಿಲ್ಲ ಎಂಬ ಸತ್ಯ ಎಲ್ಲ ಜಾಕಿಗಳಿಗೂ ಒಟ್ಟಿಗೇ ತಟ್ಟಿತು. ಸವಾರರ ಬಳಿ ಆ ಹೊತ್ತಿಗೆ ಶಿರಸಿಯ ಸಮೀಪ ಒಂದೂವರೆ ಎಕರೆ ಅಡಿಕೆ ತೋಟವಿತ್ತು, ಸಾಲವಿರಲಿಲ್ಲ. ಅವರ ಜೊತೆ ಶಾಲೆ ಸೇರಿದವರಲ್ಲಿ ಕೆಲವರು ಆ ತಿಂಗಳುಗಳಲ್ಲಿ ಬೈಕು ಮಾರಿ ಬಾಡಿಗೆ ಕಟ್ಟಿದರು.

ನಿವೃತ್ತಿಯ ನಂತರ ತರಬೇತುದಾರನಾಗುವುದು ಜಾಕಿಗಳ ಸಹಜ ಕನಸು. ಇಂಡಿಯನ್ ಡರ್ಬಿಯನ್ನು ಜಾಕಿಯಾಗಿ ಎಂಟು ಬಾರಿ ಗೆದ್ದ ಪೆಸಿ ಶ್ರಾಫ್ ಆಮೇಲೆ ದೊಡ್ಡ ತರಬೇತುದಾರರೂ ಆದದ್ದು ಎಲ್ಲರ ಕಣ್ಣ ಮುಂದಿದೆ. ಸವಾರರೂ ಒಂದು ವರ್ಷ ಸಹಾಯಕ ತರಬೇತುದಾರರಾಗಿ ಇದ್ದು ನೋಡಿದರು. ಕುದುರೆಯ ಕೆಲಸ ಗೊತ್ತಿತ್ತು. ಮಾಲೀಕರನ್ನು ಹಿಡಿದಿಟ್ಟುಕೊಳ್ಳುವ ಕೆಲಸ, ಬಿಲ್ಲು ವಸೂಲಿ, ಇಂಗ್ಲಿಷ್ ಮಾತುಕತೆ ಒಗ್ಗಲಿಲ್ಲ. ಬಿಟ್ಟರು. ಈಗ ಎಳೆಯ ಅಪ್ರೆಂಟಿಸ್‌ಗಳಿಗೆ ಸವಾರಿ ಹೇಳಿಕೊಡುತ್ತಾರೆ, ಕೊಯ್ಲಿನ ತಿಂಗಳುಗಳಲ್ಲಿ ಊರಿಗೆ ಬರುತ್ತಾರೆ.

ಅವರು ಹೇಳಿಕೊಡುವ ರೀತಿಯಲ್ಲಿ ಈ ಪ್ರಕರಣದ ಪಾಠಗಳು ಕೆಲಸಕ್ಕೆ ಬಂದಿವೆ. ಹುಡುಗರ ತೂಕವನ್ನು ಅವರು ಓಟದ ದಿನ ಕೇಳುವುದಿಲ್ಲ, ರಜೆ ಮುಗಿಸಿ ಬಂದ ದಿನ ಬರೆದಿಟ್ಟುಕೊಳ್ಳುತ್ತಾರೆ. ಉಂಡು ತಿರುಗಾಡಿದ ದೇಹದ ತೂಕವೇ ನಿಜವಾದದ್ದು, ಅದು ಎರಡು ವರ್ಷ ಬಿಡದೆ ಏರಿದರೆ ತಡಮಾಡದೆ ಬೇರೆ ದಾರಿಯ ಮಾತು ತೆಗೆಯಬೇಕು ಎಂಬುದು ಅವರ ಕ್ರಮ. ರಿಯಾಯಿತಿ ಇರುವಾಗಲೇ ಅದಿಲ್ಲದ ದಿನಕ್ಕೆ ಬೆಳಗಿನ ಕೆಲಸದಲ್ಲಿ ಹೆಸರು ಮಾಡಿಕೊಳ್ಳಿ ಎನ್ನುತ್ತಾರೆ.

ನಮ್ಮ ಜಿಲ್ಲೆಯ ಶಿಕ್ಷಕರೂ ಪಾಲಕರೂ ಯೋಚಿಸಬೇಕಾದದ್ದು ಇದಕ್ಕಿಂತ ಮೊದಲಿನ ಹಂತವನ್ನು. ದೇಹ ನೋಡಿ ಮಕ್ಕಳನ್ನು ಆರಿಸಿಕೊಂಡು ಹೋಗುವುದನ್ನು ಉತ್ತರ ಕನ್ನಡ ಹಿಂದೆಯೂ ಕಂಡಿದೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಯೋಜನೆಯಡಿ ಇಲ್ಲಿನ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳನ್ನು ಓಟ, ಜಿಗಿತಗಳ ತರಬೇತಿಗೆ ಒಯ್ದರು. 1993ರಲ್ಲಿ ಆ ಯೋಜನೆ ನಿಂತಿತು, ಹಲವರು ಮರಳಿ ಬಂದು ಕೂಲಿಗೆ ಇಳಿದರು. ಜಾಕಿ ಶಾಲೆಗೆ ಹೋಗುವ ಹುಡುಗನ ಸ್ಥಿತಿ ಇಷ್ಟು ಕೆಟ್ಟದ್ದಲ್ಲ, ಕಸುಬು ಕೈಗೆ ಹತ್ತುತ್ತದೆ. ಆದರೂ ಹದಿನಾರರಲ್ಲಿ ಓದು ಬಿಟ್ಟು ಹೋದವನಿಗೆ ಇಪ್ಪತ್ತೆರಡರಲ್ಲಿ ದೇಹ ಬೆಳೆದುಬಿಟ್ಟರೆ ಹಿಂದಿರುಗಲು ಏನಿದೆ ಎಂಬ ಪ್ರಶ್ನೆಯನ್ನು ಹೊರಡುವ ದಿನವೇ ಕೇಳಬೇಕು. ಸವಾರರ ವಿಷಯದಲ್ಲಿ ಅದನ್ನು ಅರೆಬರೆಯಾಗಿಯಾದರೂ ಕೇಳಿದವರು ಅವರ ತಂದೆ ಒಬ್ಬರೇ.

ಈಗ ಆ ಪ್ರಶ್ನೆ ಸವಾರರ ಮನೆಗೇ ಬಂದಿದೆ. ತಂಗಿಯ ಮಗನಿಗೆ ಹದಿನಾಲ್ಕು ವರ್ಷ. ಕುದುರೆಯ ಹುಚ್ಚು, ಮಾವನಂತಾಗುವ ಹಟ. ತೂಕ 41 ಕೆ.ಜಿ. ಇದ್ದರೂ ಅವನ ತಂದೆಯ ಎತ್ತರ ಐದಡಿ ಒಂಬತ್ತಿಂಚು. ಅವನನ್ನು ಬೆಂಗಳೂರಿಗೆ ಕರೆದೊಯ್ಯಲು ಸವಾರರು ಒಪ್ಪಿಲ್ಲ, ಪಿಯುಸಿ ಮುಗಿಯಲಿ ಎಂದಿದ್ದಾರೆ. ಆ ಹೊತ್ತಿಗೆ ಜಾಕಿ ಶಾಲೆಗೆ ಸೇರುವ ವಯಸ್ಸು ಮೀರಿರುತ್ತದೆಂದು ಇಬ್ಬರಿಗೂ ಗೊತ್ತು. ತಂಗಿ ಕಳೆದ ಕೊಯ್ಲಿನಿಂದ ಅಣ್ಣನೊಡನೆ ಮಾತು ಬಿಟ್ಟಿದ್ದಾಳೆ.